ಆಣೆ ಇಟ್ಟದ್ದು ಗಡ್ಡೆಯೋ ನಾನೋ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಓದಿ ಯಾರಿಗಾದರೂ ಸಮಾಧಾನವಾಗಲಿ ಎಂದು ನಾನು ಬರೆಯುತ್ತಿಲ್ಲ. ಸಮಾಧಾನ ಹೇಳುವವರಿಂದಲೇ ನನಗೆ ಸಾಕುಸಾಕಾಗಿದೆ. ತಲೆಯೊಳಗಿನ ಗಡ್ಡೆ ತೆಗೆಸಿಕೊಂಡು ಮನೆಗೆ ಬಂದು ಕೂತವರು ಯಾರಾದರೂ ಇದ್ದರೆ ಓದಲಿ. ನಿಮ್ಮ ಸಿಟ್ಟು ನಿಮ್ಮದೋ ಕಾಯಿಲೆಯದೋ ಎಂದು ಮನೆಯವರು ನಿಮ್ಮ ಎದುರಿಗೇ ಪಂಚಾಯ್ತಿ ಮಾಡುತ್ತಿದ್ದರೆ, ಹಾಗೆ ಮಾಡಿಸಿಕೊಂಡವಳು ಹೊಸನಗರದಲ್ಲೂ ಒಬ್ಬಳಿದ್ದಾಳೆ ಎಂದು ಗೊತ್ತಾದರೆ ಸಾಕು.

ನಾನು ಸರೋಜ. ತಾಲ್ಲೂಕು ಆಫೀಸಿನ ಎದುರಿನ ಸಾಲಿನಲ್ಲಿ ನಾನೂ ನಮ್ಮನೆಯವರೂ ಹೋಟೆಲ್ ನಡೆಸುತ್ತೇವೆ. ಹೋಟೆಲ್ ಎಂದರೆ ನಾಲ್ಕು ಟೇಬಲ್ಲು. ಪಹಣಿಗೆ ಬಂದವರು, ಪೋಡಿಗೆ ಬಂದವರು, "ಸಾಹೇಬ್ರು ಊಟಕ್ಕೆ ಹೋಗಿದಾರೆ" ಎಂದು ಕೇಳಿಸಿಕೊಂಡವರು, ಎಲ್ಲ ನಮ್ಮಲ್ಲೇ ಕೂತು ಕಾಯುವುದು. ಸರೋಜಕ್ಕನ ಬಾಯಿ ಜೋರು ಎಂದು ಆಗಲೂ ಹೆಸರಿತ್ತು. ಆದರೆ ಜನ ಬರುತ್ತಿದ್ದರು. ಬೈದರೂ ಹೊಟ್ಟೆ ತುಂಬಾ ಬಡಿಸುತ್ತಾಳೆ ಎನ್ನುತ್ತಿದ್ದರು.

ಎಲ್ಲ ಶುರುವಾದದ್ದು ಮೂಗಿನಿಂದ. ಹಿಟ್ಟು ಹುಳಿ ಬಂದದ್ದು ಗೊತ್ತಾಗುವುದು ನಿಂತಿತು. ಒಗ್ಗರಣೆ ಕರಕಲಾದರೂ ಗೊತ್ತಾಗುತ್ತಿರಲಿಲ್ಲ. ಸರ್ವೆ ಆಫೀಸಿನ ಗುಮಾಸ್ತರೊಬ್ಬರು ತಟ್ಟೆ ಹಿಂದಕ್ಕೆ ತಳ್ಳಿ, "ಎಂತ ಸರೋಜಕ್ಕ, ಈ ಚಟ್ನಿ ನಿನ್ನೇದಾ?" ಎಂದರು. "ತಿನ್ನೋದಾದ್ರೆ ತಿನ್ನು, ಇಲ್ಲಾಂದ್ರೆ ಎದ್ದು ಹೋಗು" ಎಂದೆ. ಮುಂಚೆಯೂ ಹೀಗೇ ಅನ್ನುತ್ತಿದ್ದೆ, ಅಂದಮೇಲೆ ನಗುತ್ತಿದ್ದೆ. ಈಗ ನಗು ಬರುತ್ತಿರಲಿಲ್ಲ. ಆ ಮನುಷ್ಯ ಎದ್ದು ಹೋದರು, ಮತ್ತೆ ಬರಲಿಲ್ಲ. ನನಗೆ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸದೇ ಇರುವುದು ಕಾಯಿಲೆಯ ಲಕ್ಷಣ ಎಂದು ಯಾರಿಗೆ ಗೊತ್ತಿತ್ತು? ವಯಸ್ಸಾಯಿತು, ಮುಟ್ಟು ನಿಲ್ಲುವ ಕಾಲ, ಹಾಗೆಲ್ಲ ಆಗುತ್ತದೆ ಎಂದರು. ಹೆಂಗಸಿನ ಸಿಟ್ಟಿಗೆ ಜನರ ಹತ್ತಿರ ಇರುವುದು ಅದೊಂದೇ ಔಷಧದ ಚೀಟಿ.

ಇನ್ನು ನನ್ನ ತಂಗಿ ಗಿರಿಜಳ ವಿಷಯ ಹೇಳಬೇಕು. ಅವಳನ್ನು ಕೊಟ್ಟದ್ದು ತುಮರಿಗೆ. ಈಗ ಸೇತುವೆ ಆಗಿದೆ, ಭರ್ರೆಂದು ಹೋಗಿಬರಬಹುದು. ಆಗ ಹಿನ್ನೀರು ದಾಟಲು ಲಾಂಚ್ ಒಂದೇ. ಸಂಜೆಯ ಕೊನೇ ಲಾಂಚ್ ಹೋಯಿತೆಂದರೆ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ಅವಳ ಮಗ ರಾಕೇಶನಿಗೆ ಎಂಟು ವರ್ಷವಿದ್ದಾಗ ಒಂದು ಮಧ್ಯಾಹ್ನ ಜ್ವರ ಏರಿ ಮೈ ಅದುರಲು ಶುರುವಾಯಿತು. ಏನೋ ಗಾಳಿ ಸೋಕಿದೆ ಎಂದು ಇವಳು ಮಗುವನ್ನು ಎತ್ತಿಕೊಂಡು ಮೊದಲು ವಿಭೂತಿ ಮಂತ್ರಿಸಿ ಕೊಡುವವನ ಮನೆಗೆ ಓಡಿದಳು. ಅಲ್ಲಿಂದ ದಡಕ್ಕೆ ಬರುವಾಗ ಕೊನೇ ಲಾಂಚ್ ಹೊರಟುಹೋಗಿತ್ತು. ಅವತ್ತು ಕರೆದರೆ ದೋಣಿ ತರುವವರೂ ಯಾರೂ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಲಾಂಚಿನಲ್ಲಿ ಮಗು ಅವಳ ತೊಡೆಯ ಮೇಲೆಯೇ ಹೋಯಿತು. ಮಿದುಳು ಜ್ವರ ಎಂದರು.

ಆಮೇಲೆ ಎಂಟು ವರ್ಷ ನಾನು ಆ ಬಗ್ಗೆ ಅವಳಿಗೆ ಒಂದೇ ಒಂದು ಮಾತು ಅಂದವಳಲ್ಲ.

ಒಂಬತ್ತನೇ ವರ್ಷ ಅವಳು ಹೊಸ ಮನೆ ಕಟ್ಟಿಸಿದಳು. ಮನೆ ಒಕ್ಕಲಿಗೆ ಅಡಿಗೆ ಉಸ್ತುವಾರಿ ನನ್ನದೇ. ನೂರು ಎಲೆ ಹಾಕಿತ್ತು. ಗಿರಿಜ ಒಳಗೆ ಬಂದು, ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ, "ಅಕ್ಕಾ, ಸಾರು ತಳ ಹಿಡಿದದೆ, ನಿಂಗೆ ವಾಸ್ನೆ ಬರ್ಲಿಲ್ವನೇ?" ಎಂದಳು. ಅಷ್ಟೇ. ನಾನು ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದೆ. ನೂರು ಜನರ ಎದುರು, "ನಂಗೆ ಹೇಳಕ್ಕೆ ಬರ್ತಾಳೆ! ಬೂದಿ ಹುಡುಕ್ಕೊಂಡು ಹೋಗಿ ಲಾಂಚ್ ತಪ್ಪಿಸಿ ಹೆತ್ತ ಮಗನ್ನ ತಿಂದೋಳು ಇವ್ಳು!" ಎಂದೆ. ಎಲೆ ಮುಂದೆ ಕೂತವರ ಕೈ ಅಲ್ಲೇ ನಿಂತಿತು. ಗಿರಿಜ ಅಳಲಿಲ್ಲ, ನನ್ನನ್ನು ನೋಡಿದಳು. ನನಗೆ ಆಗಲೂ ಏನೂ ಅನ್ನಿಸಲಿಲ್ಲ.

ಸಾಲದ್ದಕ್ಕೆ ಮರುದಿನ ತವರೂರಿನ ಚೌಡಿ ಬನಕ್ಕೆ ಹೋದೆ. ಚೌಡಿ ಎಂದರೆ ಅಲ್ಲಿ ಮರದ ಬುಡದಲ್ಲಿ ಕಲ್ಲಾಗಿ ಕೂತ ದೇವಿ. ಕಾಯಿ ಇಟ್ಟು, "ಗಿರಿಜನ್ ಮನೆ ಹೊಸ್ತಿಲು ತುಳಿಯಲ್ಲ, ಅವ್ಳ ಮುಖ ನೋಡಲ್ಲ, ನೋಡಿದ್ರೆ ನನ್ ನಾಲಿಗೆ ಬಿದ್ದು ಹೋಗ್ಲಿ" ಎಂದು ಆಣೆ ಇಟ್ಟು ಬಂದೆ. ನಮ್ಮಲ್ಲಿ ಇದು ಆಟವಲ್ಲ. ಚೌಡಿ ಎದುರು ಆಣೆ ಬಿತ್ತೆಂದರೆ ಎರಡೂ ಮನೆಗೆ ಹೋಗಿಬರುವುದು ನಿಂತಿತು. ಮದುವೆಗೂ ಇಲ್ಲ, ಸಾವಿಗೂ ಇಲ್ಲ. ಬಿಡಿಸದೇ ಬಿಟ್ಟರೆ ಕೇಡು ಮುಂದಿನ ತಲೆಗೆ ಎನ್ನುತ್ತಾರೆ. ನಮ್ಮಮ್ಮ ಇದ್ದಿದ್ದರೆ ನನ್ನ ಕೆನ್ನೆಗೆ ಎರಡು ಬಿಗಿಯುತ್ತಿದ್ದಳು.

ಮುಂದಿನ ಬೇಸಿಗೆಗೆ ಎಡಗಣ್ಣು ಮಂಜಾಯಿತು. ಪೊರೆ ಇರಬೇಕೆಂದು ತೀರ್ಥಹಳ್ಳಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಆಕೆ ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. ಆಮೇಲೆ, "ಮೂಗಿಗೆ ವಾಸನೆ ಬರುತ್ತಾ?" ಎಂದು ಕೇಳಿದಳು. ಎರಡು ವರ್ಷದಲ್ಲಿ ಆ ಪ್ರಶ್ನೆ ಸರಿಯಾಗಿ ಕೇಳಿದವಳು ಅವಳೊಬ್ಬಳೇ. ಸ್ಕ್ಯಾನ್‌ಗೆ ಬರೆದುಕೊಟ್ಟಳು. ಹಣೆಯ ಹಿಂದೆ, ಮೂಗಿನ ಮೇಲೆ, ಗಡ್ಡೆ ಕೂತಿತ್ತು. ಕಿತ್ತಳೆ ಹಣ್ಣಿನಷ್ಟು ಎಂದರು. ಗಡ್ಡೆಯನ್ನು ಹಣ್ಣಿನಲ್ಲೇ ಯಾಕೆ ಅಳೆಯುತ್ತಾರೋ, ಆಮೇಲೆ ಆ ಹಣ್ಣು ತಿನ್ನುವ ಹಾಗಿಲ್ಲ.

ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಕಾಯುವ ಹಾಲಿನಲ್ಲಿ ನಾನು ಕಳೆದ ದಿನಗಳ ಮೇಲೆ ನನಗೆ ಇವತ್ತಿಗೂ ದ್ವೇಷವಿದೆ. ಒಂದು ಗೋಡೆಯಲ್ಲಿ ಟಿವಿ, ಅದರಲ್ಲಿ ಯಾರೋ ಅಡಿಗೆ ಮಾಡುತ್ತಿರುತ್ತಾರೆ, ಶಬ್ದ ಇರುವುದಿಲ್ಲ. ಎದುರಿಗೆ ತಲೆಗೆ ಬಟ್ಟೆ ಸುತ್ತಿದವರ ಸಾಲು. ಹೆಸರು ಕೂಗುವ ಹುಡುಗಿ ನನ್ನನ್ನು ಸರೋಜಿನಿ ಎಂದೇ ಕೂಗಿದಳು, ನಾಲ್ಕು ದಿನವೂ ತಿದ್ದಿದೆ, ನಾಲ್ಕು ದಿನವೂ ಸರೋಜಿನಿಯೇ. ಪಕ್ಕದಲ್ಲಿ ಆನಂದಪುರದ ಮುದುಕಿ ಒಬ್ಬಳು ಕೂತಿರುತ್ತಿದ್ದಳು. ಅವಳ ಗಂಡನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಬೇರೆ ಮಾತೆಲ್ಲ ಹೋಗಿ ಬೈಗುಳ ಮಾತ್ರ ಉಳಿದಿತ್ತಂತೆ. ಬಾಯಿ ತೆಗೆದರೆ ಕೇಳಬಾರದ ಶಬ್ದ. ಮುದುಕಿ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. "ಐವತ್ತು ವರ್ಷ ನನ್ ಹತ್ರ ಮಾತೇ ಆಡ್ದೋನು ಮಾರಾಯ್ತಿ. ಈಗ ಬೈತಾನಾರೂ." ಆ ಹಾಲಿನಲ್ಲಿ ನನಗೆ ಸಿಕ್ಕ ಒಳ್ಳೆಯದು ಅದೊಂದೇ. ಅವಳ ಹೆಸರೂ ಕೇಳಲಿಲ್ಲ ನಾನು.

ಆಪರೇಷನ್ನಿಗೆ ಹೋಗುವಾಗ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಸಾಯುವಾಗ ಜೀವ ನೆತ್ತಿಯಿಂದ ಹೋಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಇವರು ಅಲ್ಲೇ ಬಾಗಿಲು ತೆಗೆಯುತ್ತಾರಲ್ಲ, ಹೊರಗೆ ಹೋದದ್ದು ಗಲಾಟೆಯಲ್ಲಿ ಯಾರಿಗೂ ಗೊತ್ತಾಗದಿದ್ದರೆ ಎಂದು ಯೋಚನೆ ಬಂತು. ಅಷ್ಟರಲ್ಲಿ ಮೂಗಿಗೆ ಏನೋ ಇಟ್ಟರು.

ಗಡ್ಡೆ ಪೂರ್ತಿ ಬಂತು, ಕ್ಯಾನ್ಸರ್ ಅಲ್ಲ, ಪುಣ್ಯ ಮಾಡಿದ್ದೀರಿ ಎಂದರು. ಮೊದಲ ಹತ್ತು ದಿನ ನನಗೆ ಮಾತಾಡಲು ತ್ರಾಣವಿರಲಿಲ್ಲ. ನೋಡಲು ಬಂದವರಿಗೆ ಏನು ಖುಷಿ! "ಪಾಪ, ಎಷ್ಟು ಮೆತ್ತಗಾಗಿದಾಳೆ ಕಾಣ್. ಎಲ್ಲ ಆ ಗಡ್ಡೇದೇ ಕೆಲ್ಸ" ಎಂದರು. ಹನ್ನೊಂದನೇ ದಿನ ಗಂಜಿಗೆ ಉಪ್ಪಿಲ್ಲ ಎಂದು ನಾನು ಲೋಟ ಎಸೆದೆ. ನಮ್ಮನೆಯವರು ಲೋಟ ಎತ್ತಲಿಲ್ಲ, ಡಾಕ್ಟರಿಗೆ ಫೋನ್ ಮಾಡಿದರು, "ಸಾರ್, ಮತ್ತೆ ಬಂದಂಗೆ ಕಾಣ್ತದೆ."

ಅಲ್ಲಿಂದ ನನ್ನ ನಿಜವಾದ ಕಾಯಿಲೆ ಶುರುವಾಯಿತು. ಗ್ಯಾಸ್ ಸಿಲಿಂಡರಿನವನು ಬರಲಿಲ್ಲ ಎಂದು ಸಿಟ್ಟು ಮಾಡಿದರೆ, "ಮಾತ್ರೆ ತಗೊಂಡ್ಯಾ?" ಯಾರೋ ತಿಂದು ಕೈ ತೊಳೆಯದೆ ಮಾತಾಡುತ್ತಾ ಕೂತರು ಎಂದು ಗದರಿದರೆ, "ಮಾತ್ರೆ ತಗೊಂಡ್ಯಾ?" ಅತ್ತರೂ ಮಾತ್ರೆ, ನಕ್ಕರೂ ಮಾತ್ರೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ನನ್ನದು ಕೊಯ್ದರೂ ಹೋಗಿಲ್ಲ ಎಂದು ಒಪ್ಪಲು ಯಾರೂ ತಯಾರಿಲ್ಲ. ಎಲ್ಲರಿಗೂ ನಾನು ಒಳ್ಳೆಯವಳಾಗಬೇಕಿತ್ತು. ಆದರೆ ವಾಸನೆ ಬರಲಿಲ್ಲ, ಒಳ್ಳೆಯತನವೂ ಬರಲಿಲ್ಲ. ಬಂದದ್ದು ಒಂದೇ, ಅನ್ನಿಸುವುದು. ಎರಡು ವರ್ಷ ಏನೂ ಅನ್ನಿಸದೇ ಇದ್ದವಳಿಗೆ ಎಲ್ಲ ಒಟ್ಟಿಗೆ ಅನ್ನಿಸತೊಡಗಿತು. ತರಕಾರಿ ಹೆಚ್ಚುತ್ತಾ ಕೂತಾಗ ಗಿರಿಜಳ ಆ ನೋಟ ಎದುರು ಬರುತ್ತಿತ್ತು. ಅವಳು ಬೇಕಿತ್ತು ನನಗೆ. ನನಗಿರುವುದು ಅವಳೊಬ್ಬಳೇ ತಂಗಿ, ಅಮ್ಮನ ಬಗ್ಗೆ ಮಾತಾಡಲು ಇನ್ಯಾರಿದ್ದಾರೆ?

ನಮ್ಮನೆಯವರಿಗೆ ಇದು ಗೊತ್ತಾಗಿ ನನಗೆ ಹೇಳದೆ ಒಂದು ಘನಕಾರ್ಯ ಮಾಡಿದರು. ಸ್ಕ್ಯಾನಿಂಗಿನ ದೊಡ್ಡ ಫಿಲ್ಮನ್ನು ಕವರಿನಲ್ಲಿ ಹಾಕಿಕೊಂಡು ಚೌಡಿ ಬನಕ್ಕೆ ಹೋದರು. ಚೌಡಿ ಮೈಮೇಲೆ ಬಂದು ಮಾತಾಡುವ ಪಾತ್ರಿ ಅವತ್ತು ದರ್ಶನದಲ್ಲಿದ್ದ. ಇವರು ಫಿಲ್ಮನ್ನು ಬಿಸಿಲಿಗೆ ಎತ್ತಿ ಹಿಡಿದು, "ತಾಯೀ, ಇಲ್ಲಿ ಬೆಳ್ಳಗೆ ಕಾಣ್ತದಲ್ಲ, ಇದೇ ಗಡ್ಡೆ. ಆಣೆ ಇಟ್ಟಿದ್ದು ಇದು, ನನ್ ಹೆಂಡ್ತಿ ಅಲ್ಲ. ಇದನ್ನ ಕೊಯ್ದು ಬಿಸಾಕಿ ಆತು, ಆಣೆ ವಜಾ ಮಾಡ್ಬೇಕು" ಎಂದರಂತೆ. ತಾಲ್ಲೂಕು ಆಫೀಸಿನ ಎದುರು ಮೂವತ್ತು ವರ್ಷ ಹೋಟೆಲ್ ಇಟ್ಟವರು ಅಲ್ಲವೇ, ದಾಖಲೆ ಇದ್ದರೆ ಎಲ್ಲ ಆಗುತ್ತದೆ ಎಂದು ನಂಬಿಕೆ. ಪಾತ್ರಿ ಕೈಯಲ್ಲಿದ್ದ ಅಡಿಕೆ ಸಿಂಗಾರದ ಗೊನೆ ಪಕ್ಕಕ್ಕಿಟ್ಟು ಫಿಲ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಗಡ್ಡೆ ಕಾಣ್ತು. ಆಣೆ ಎಲ್ಲದೆ ತೋರ್ಸು ಇದ್ರಗೆ" ಎಂದನಂತೆ. ಇವರು ಫಿಲ್ಮನ್ನು ಮತ್ತೆ ಕವರಿಗೆ ಹಾಕಿದರಂತೆ. "ಇಟ್ಟ ಬಾಯೇ ಬಂದು ಬಿಡ್ಬೇಕು. ಯಾರ್ ಮೇಲೆ ಇಟ್ಟದ್ದೋ ಅವ್ರ ಕಿವೀನೂ ಬರ್ಬೇಕು" ಎಂದು ಹೇಳಿ ಕಳಿಸಿದ.

ಅಷ್ಟಕ್ಕೆ ಬಿಡಲಿಲ್ಲ ಈ ಮನುಷ್ಯ. ಅದೇ ಫಿಲ್ಮ್ ತಗೊಂಡು ತುಮರಿಗೂ ಹೋದರು. "ಅದು ನಿಮ್ಮಕ್ಕ ಅಲ್ಲ ಗಿರಿಜ, ಗಡ್ಡೆ. ಆಣೆ ಬಿಡಿಸಕ್ಕೆ ಬನಕ್ಕೆ ಬಾ" ಎಂದರು. ಗಿರಿಜ ಫಿಲ್ಮ್ ಕಡೆ ನೋಡಲೇ ಇಲ್ಲವಂತೆ. "ಬನಕ್ಕೆ ಯಾರು ಬರ್ತಾರೆ ಭಾವ? ಅಕ್ಕ ಬರ್ತಾಳೋ, ಗಡ್ಡೆ ಬರ್ತದೋ? ಗಡ್ಡೆ ಆದ್ರೆ ನಾ ಬರದಿಲ್ಲ" ಎಂದು ಒಳಗೆ ಹೋದಳಂತೆ.

ಆ ಮಾತು ನನಗೆ ಸರಿಯಾಗಿ ತಾಗಿತು. ಯಾರು ಅಂದದ್ದು ಹಾಗಾದರೆ? ಕೇಳಿಯೇ ಬಿಡೋಣ ಎಂದು ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರನ್ನು ಕೇಳಿದೆ. ಎಳೆ ಹುಡುಗ, ಟೇಬಲ್ಲಿನ ಮೇಲೆ ಪ್ಲಾಸ್ಟಿಕ್ಕಿನ ಮಿದುಳು ಇಟ್ಟುಕೊಂಡಿದ್ದ, ಬಿಡಿಬಿಡಿ ಮಾಡಿ ಜೋಡಿಸಬಹುದಾದದ್ದು. "ಈ ಮುಂದಿನ ಭಾಗ ಬ್ರೇಕ್ ಇದ್ದ ಹಾಗೆ ಆಂಟಿ. ಗಡ್ಡೆ ಒತ್ತಿ ನಿಮ್ಮ ಬ್ರೇಕ್ ಫೇಲ್ ಆಗಿತ್ತು. ಅದರಲ್ಲಿ ನಿಮ್ಮ ತಪ್ಪೇನಿಲ್ಲ" ಎಂದ.

"ಬ್ರೇಕ್ ಫೇಲ್ ಆದ ಬಸ್ಸು ಎಲ್ಲಿಗೆ ಹೋಗ್ತದೆ?" ಎಂದೆ.

"ಇಳಿಜಾರು ಇರೋ ಕಡೆಗೆ."

"ಆ ಇಳಿಜಾರು ಯಾರ್ದು? ಅದನ್ನೂ ಗಡ್ಡೇನೇ ಮಾಡ್ತಾ? ಆ ಮಾತು ಗಡ್ಡೆ ಎಲ್ಲಿಂದ ತಂತು?"

ಅವನು ಮಿದುಳಿನ ಒಂದು ತುಂಡನ್ನು ಕೈಯಲ್ಲಿ ತಿರುಗಿಸಿದ. "ಮನಸ್ಸು ಅಂದ್ರೆ ಇದೇ ಆಂಟಿ, ಇದರ ಕೆಲಸ. ಬೇರೆ ಇನ್ನೊಂದು ಇಲ್ಲ. ಉಳಿದದ್ದೆಲ್ಲ ಫಿಲಾಸಫಿ" ಎಂದ. ಇದೇ ನಾನು ಎಂದಾದರೆ ಕೆಟ್ಟು ಹೋಗಿದ್ದಾಗಲೂ ಅದು ನಾನೇ ಅಲ್ಲವೇನಪ್ಪ? ಒಂದು ಉಸಿರಲ್ಲಿ ಮಿದುಳೇ ನೀನು ಎನ್ನುತ್ತಾರೆ, ಇನ್ನೊಂದು ಉಸಿರಲ್ಲಿ ಮಿದುಳು ಮಾಡಿದ್ದು ನೀನು ಮಾಡಿದ್ದಲ್ಲ ಎನ್ನುತ್ತಾರೆ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು, ಎದ್ದು ಬಂದೆ. ಕೈ ಚಳಕದ ಹುಡುಗ, ನನ್ನ ಜೀವ ಉಳಿಸಿದವನು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಈ ವಿಷಯದಲ್ಲಿ ಅವನಿಗೆ ಏನೂ ಗೊತ್ತಿಲ್ಲ.

ಹೋಟೆಲಿಗೆ ದಿನಾ ಕಾಫಿಗೆ ಬರುವ ಶೇಷಪ್ಪ ಮೇಷ್ಟ್ರು ನಿವೃತ್ತರಾದ ಮೇಲೆ ವೇದಾಂತಕ್ಕೆ ಬಿದ್ದವರು. ಡಾಕ್ಟರು ಹೇಳಿದ್ದನ್ನು ಕೇಳಿ ಅವರಿಗೆ ಉಕ್ಕಿ ಬಂತು. "ಆ ಹುಡ್ಗನಿಗೆ ಎಂತ ಗೊತ್ತು? ಮಿದುಳು ಬರೀ ಯಂತ್ರ. ಆತ್ಮ ಬೇರೆ. ಅದಕ್ಕೆ ಗಡ್ಡೆ ಇಲ್ಲ, ಸಿಟ್ಟಿಲ್ಲ, ಪಾಪ ಅಂಟೋದಿಲ್ಲ. ಸುಮ್ನೆ ಸಾಕ್ಷಿಯಾಗಿ ನೋಡ್ತಿರ್ತದೆ. ನೀನು ಅದು ಸರೋಜ. ನೀನು ಶುದ್ಧ" ಎಂದರು.

ನನಗೆ ಮೈಯೆಲ್ಲ ಉರಿಯಿತು. "ನೂರು ಜನರ ಎದುರು ನನ್ ತಂಗಿಗೆ ಮಗನ್ನ ತಿಂದೋಳು ಅಂದಾಗ್ಲೂ ನೋಡ್ತಾ ಕೂತಿತ್ತಾ ಮೇಷ್ಟ್ರೆ? ಬಾಯಿ ಮುಚ್ಚಕ್ಕೆ ಕೈ ಇರ್ಲಿಲ್ವಾ ಅದಕ್ಕೆ? ಬೀದೀಲಿ ಹೆಣ್ಮಕ್ಕಳಿಗೆ ಹೊಡಿಯೋದನ್ನ ನಿಂತು ನೋಡೋರು ಇರ್ತಾರಲ್ಲ, ಅಂಥದ್ದಾ ನಿಮ್ ಆತ್ಮ? ಅಂಥದ್ದನ್ನ ಕಟ್ಕೊಂಡು ನಾನು ಎಂತ ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ?"

ಮೇಷ್ಟ್ರು ನಮ್ಮನೆಯವರ ಕಡೆ ನೋಡಿದರು. ಇವರು ಮಾತ್ರೆ ಡಬ್ಬಿಯ ಕಡೆ ನೋಡಿದರು.

ಆತ್ಮವನ್ನೂ ಮಿದುಳಿನ ವಿಜ್ಞಾನವನ್ನೂ ಒಂದೇ ಕಡೆ ಕೂರಿಸಬಹುದೇ ಎಂದು ಓದಿದವರು ಜಗಳವಾಡುತ್ತಾರಂತೆ. ನನ್ನ ವಿಷಯದಲ್ಲಿ ಎರಡೂ ಚೆನ್ನಾಗಿಯೇ ಹೊಂದಿಕೊಂಡು ಕೂತವು. ತಪ್ಪು ಗಡ್ಡೆಯದು ಎಂದಿತು ಒಂದು, ತಪ್ಪು ನಿನಗೆ ಅಂಟುವುದೇ ಇಲ್ಲ ಎಂದಿತು ಇನ್ನೊಂದು. ಇಬ್ಬರೂ ನನ್ನನ್ನು ಬಿಟ್ಟು ಕಳಿಸಿದರು. ಆ ಮಾತು ಮಾತ್ರ ಹೇಳಿದವರು ಯಾರೂ ಇಲ್ಲದೆ ತುಮರಿಯ ಅಂಗಳದಲ್ಲಿ ಬಿದ್ದುಕೊಂಡಿತ್ತು, ಮತ್ತು ಅದನ್ನು ದಿನಾ ಗುಡಿಸುವವಳು ನನ್ನ ತಂಗಿ.

ನಾನೇ ಫೋನ್ ಮಾಡಿದೆ. "ಗಿರಿಜ, ಬನಕ್ಕೆ ಬಾ. ನಾನೇ ಬರ್ತೀನಿ" ಎಂದೆ. "ಬರ್ತೀನಿ" ಎಂದು ಅವಳು ಫೋನ್ ಇಟ್ಟಳು.

ಬನದಲ್ಲಿ ಬೆಳಿಗ್ಗೆ ಹತ್ತು ಗಂಟೆ. ಮೂರು ವರ್ಷದ ಮೇಲೆ ಅವಳ ಮುಖ ನೋಡಿದೆ. ಕೂದಲು ಹಣ್ಣಾಗಿತ್ತು. ಅವಳು ನನ್ನ ತಲೆಯ ಕಡೆ, ಕೂದಲು ಸರಿಯಾಗಿ ಬೆಳೆಯದ ಆ ಗೀಟಿನ ಕಡೆ ಒಮ್ಮೆ ನೋಡಿ ಕಣ್ಣು ತೆಗೆದಳು. ಇಬ್ಬರನ್ನೂ ಕಲ್ಲಿನ ಮುಂದೆ ಎದುರುಬದುರು ನಿಲ್ಲಿಸಿ ಒಂದೇ ತೆಂಗಿನಕಾಯಿಗೆ ಇಬ್ಬರ ಕೈ ಇಡಿಸಿದರು. ಪಾತ್ರಿ ತಂಬಿಗೆ ಹಿಡಿದುಕೊಂಡು, "ಆಣೆ ಇಟ್ಟೋರು ಯಾರು?" ಎಂದು ಕೇಳಿದ.

ನಮ್ಮನೆಯವರು ಹಿಂದಿನಿಂದ, "ಕಾಯಿಲೆ ಅನ್ನು, ಕಾಯಿಲೇಲಿ ಇಟ್ಟೆ ಅನ್ನು" ಎಂದು ಪಿಸುಗುಟ್ಟಿದರು.

"ನಾನು" ಎಂದೆ.

ಕಾಯಿ ಮೇಲೆ ನೀರು ಬಿಟ್ಟರೆ ಆಣೆ ಬಿಟ್ಟ ಹಾಗೆ. ಪಾತ್ರಿ ತಂಬಿಗೆ ಎತ್ತಿದ. ಗಿರಿಜ ಕಾಯಿಯಿಂದ ಕೈ ತೆಗೆದಳು. "ತಡೀರಿ" ಎಂದು ನನ್ನ ಕಡೆ ತಿರುಗಿದಳು. "ಆಣೆ ಹಾಳಾಗಿ ಹೋಗ್ಲಿ. ಅವತ್ತು ಅಂಗಳದಾಗೆ ಅಂದ್ಯಲ್ಲ, ಆ ಮಾತು. ಅದು ಗಡ್ಡೆ ಬಂದ್ಮೇಲೆ ಬಂತೋ, ಮೊದ್ಲೇ ಇತ್ತೋ?"

ಇದನ್ನು ಕೇಳುತ್ತಾಳೆ ಎಂದು ನನಗೆ ಗೊತ್ತಿತ್ತು, ಕೇಳದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದೆ. ಗಡ್ಡೆ ಬಂದ ಮೇಲೆ ಎಂದರೆ ಮುಗಿಯಿತು. ಡಾಕ್ಟರ ಕಾಗದವಿದೆ, ಯಾರೂ ಸುಳ್ಳು ಎನ್ನುವ ಹಾಗಿಲ್ಲ. ನಿಜ ಹೇಳಿದರೆ ಇವಳು ಇಲ್ಲಿಂದ ಹೀಗೇ ಇಳಿದು ಹೋಗಿ ಇನ್ನು ಸಾಯುವವರೆಗೆ ನನ್ನ ಮುಖ ನೋಡುವುದಿಲ್ಲ ಎಂದು ಖಾತ್ರಿ ಇತ್ತು.

"ಮೊದ್ಲೇ ಇತ್ತು" ಎಂದೆ. "ಅವ್ನು ಹೋದ ದಿನದಿಂದ್ಲೂ ಇತ್ತು. ಬೂದಿಗೆ ಹೋಗ್ದೆ ಸೀದಾ ದಡಕ್ಕೆ ಬಂದಿದ್ರೆ ಅಂತ ದಿನಾ ಅಂದ್ಕೊಂಡಿದೀನಿ. ಎಂಟು ವರ್ಷ ನುಂಗ್ಕೊಂಡಿದ್ದೆ. ಗಡ್ಡೆ ಬಾಯಿ ತೆಗಿಸ್ತು, ಅಷ್ಟೇ. ಮಾತು ನಂದೇ."

ನಮ್ಮನೆಯವರು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು.

"ನಂಗೆ ಗೊತ್ತಿತ್ತು" ಎಂದಳು ಗಿರಿಜ. "ಅವ್ನ ತಿಥಿ ದಿನ ನೀ ನಂಗೆ ಬಡಿಸ್ತಿದ್ಯಲ್ಲ, ಆಗ್ಲೇ ನಿನ್ ಮುಖದಾಗೆ ಕಂಡಿದ್ದೆ. ನಂಗೂ ದಿನಾ ಅದೇ ಅನ್ಸೋದು. ನೀ ಬಾಯ್ಬಿಟ್ಟು ಅಂದ್ರೆ ನಾನೂ ಬಾಯ್ಬಿಟ್ಟು ಏನಾರ ಅನ್ಬಹುದು ಅಂತ ಕಾಯ್ತಿದ್ದೆ. ನೀ ಅಂದೆ. ಅಂದ್ಮೇಲೆ ಎಲ್ಲ ಸೇರಿ ಅದು ಅವ್ಳಲ್ಲ, ಗಡ್ಡೆ ಅಂದ್ಬಿಟ್ರಿ. ಗಡ್ಡೆ ಜೊತೆ ಎಂತ ಜಗಳ ಆಡೋದೇ ನಾನು?"

ಅಷ್ಟು ಹೇಳಿ ಕಾಯಿಯ ಮೇಲೆ ಮತ್ತೆ ಕೈ ಇಟ್ಟಳು. ಇಟ್ಟ ಕೈ ನನ್ನ ಬೆರಳಿನ ಮೇಲೆ ಬಿತ್ತು, ತೆಗೆಯಲಿಲ್ಲ. ಪಾತ್ರಿ ನೀರು ಬಿಟ್ಟ. ಆಣೆ ಹೋಯಿತು.

ಬನದಿಂದ ರಸ್ತೆಗೆ ಅರ್ಧ ಗಂಟೆಯ ನಡಿಗೆ. ಅಲ್ಲಿಂದಲೇ ಶುರು ಮಾಡಿದಳು. ಎಂಟು ವರ್ಷ ಮುಖ ಗಂಟು ಹಾಕಿಕೊಂಡು ಬಂದು ಹೋಗುತ್ತಿದ್ದೆಯಲ್ಲ, ಒಂದು ದಿನವಾದರೂ ಪಕ್ಕದಲ್ಲಿ ಕೂತು ಅತ್ತೆಯಾ ಎಂದಳು. ದೊಡ್ಡ ಬುದ್ಧಿವಂತೆ, ನಿನಗೆ ಫಿಟ್ಸ್ ಬಂದ ಮಗು ಕೈಯಲ್ಲಿದ್ದಿದ್ದರೆ ನೀನು ಯಾವ ಕಡೆ ಓಡುತ್ತಿದ್ದೆ ಎಂದಳು. ನಾನೂ ಬಿಡಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡುವಷ್ಟು ಜೋರಾಗಿ ಬೈದಾಡಿದೆವು, ಮಧ್ಯೆ ಮಧ್ಯೆ ಅತ್ತೆವು, ಮತ್ತೆ ಬೈದೆವು. ನಮ್ಮನೆಯವರು ಹೆದರಿ ಇಬ್ಬರ ನಡುವೆ ಬರಲು ನೋಡಿದರು. "ಭಾವ, ನೀವು ಸುಮ್ನೆ ಮುಂದೆ ನಡೀರಿ. ಇದು ನಂಗೂ ನಮ್ಮಕ್ಕಂಗೂ ಇರೋದು" ಎಂದಳು ಗಿರಿಜ.